ಗಿಟಾರ್‌ನ ಬ್ರಿಡ್ಜ್ ಪಿನ್ ಯಾವಾಗ ಬದಲಾಯಿಸ್ಬೇಕು, ಯಾಕೆ

ಎಲ್ಲರಿಗೂ ನಮಸ್ಕಾರ. ಹಿಂದ್ಗಡೆ ಕೂತಿರೋರು ದಯವಿಟ್ಟು ಮುಂದೆ ಬನ್ನಿ, ಯಾಕಂದ್ರೆ ನಾನಿವತ್ತು ತೋರ್ಸೋ ವಸ್ತು ಒಂದು ಕಡ್ಲೆಕಾಯಿ ಉದ್ದಾನೂ ಇಲ್ಲ, ಅಲ್ಲಿಂದ ಏನೂ ಕಾಣಲ್ಲ. ಬ್ರಿಡ್ಜ್ ಅಂದ್ರೆ ಗಿಟಾರ್‌ನ ಮೇಲಿನ ಹಲಗೆ ಮೇಲೆ ಸ್ಟ್ರಿಂಗ್‌ಗಳ ಕೆಳ ತುದಿ ಕೂರೋ ತುಂಡು, ಅದ್ರಲ್ಲಿರೋ ಆರು ತೂತಿಗೆ ಸ್ಟ್ರಿಂಗ್ ಜೊತೆ ಇಳಿಸೋ ಪುಟ್ಟ ಕಡ್ಡೀನೇ ಬ್ರಿಡ್ಜ್ ಪಿನ್.

ನಾನು ಗಿಟಾರ್ ಕಲಿಯೋಕೆ ಶುರು ಮಾಡಿದ ಹೊಸದ್ರಲ್ಲಿ ಒಂದಿನ ಹೊಸ ಸ್ಟ್ರಿಂಗ್ ಹಾಕಿ ಟ್ಯೂನ್ ಮಾಡ್ತಿದ್ದೆ, ಮುಖಾನ ಬ್ರಿಡ್ಜ್ ಹತ್ರ ಇಟ್ಕೊಂಡು ಬಗ್ಗಿ ನೋಡ್ತಿದ್ದೆ ಬೇರೆ, ಪಟ್ ಅಂತ ಪಿನ್ ಹಾರಿ ಹುಬ್ಬಿಗೆ ಹೊಡೀತು. ಕಣ್ಣು ಉಳೀತು ಬಿಡಿ. ಆಮೇಲೆ ನಾನೇನು ಮಾಡ್ದೆ ಗೊತ್ತಾ, ಪಿನ್ ಲೂಸಾಗಿದೆ ಅಂತ ಹೆಬ್ಬೆರಳಲ್ಲಿ ಜೋರಾಗಿ ಒತ್ತಿದೆ, ಮತ್ತೆ ಹಾರ್ತು, ಚಮಚದ ಹಿಂಭಾಗದಲ್ಲಿ ಕುಟ್ಟಿದೆ. ಇದು ಮಾಡ್ಲೇಬಾರದ ಕೆಲಸ. ಆ ಆರು ತೂತು ಒಂದೇ ಸಾಲಲ್ಲಿರತ್ತೆ, ಬಿಗಿಯಾಗಿ ಕುಟ್ತಾ ಹೋದ್ರೆ ತೂತಿಂದ ತೂತಿಗೆ ಬ್ರಿಡ್ಜ್ ಸೀಳ್ಕೊಳ್ಳತ್ತೆ.

ತಪ್ಪು ಎಲ್ಲಿದೆ ಅಂದ್ರೆ, ನಾವೆಲ್ಲ ಪಿನ್ ಅನ್ನೋದು ಬೆಣೆ ಅನ್ಕೊಂಡಿದೀವಿ, ಸ್ಟ್ರಿಂಗ್‌ನ ಅದೇ ಬಿಗಿಯಾಗಿ ಹಿಡ್ಕೊಂಡಿರತ್ತೆ ಅಂತ. ಇಲ್ಲ ಸ್ವಾಮಿ. ಲೈಟ್ ಗೇಜ್, ಅಂದ್ರೆ ತೆಳು ಸ್ಟ್ರಿಂಗ್ ಸೆಟ್ ಹಾಕಿದ್ರೆ ಆರು ಸ್ಟ್ರಿಂಗ್ ಸೇರಿ ಸುಮಾರು 70 ಕೆಜಿ ಎಳೆಯತ್ತೆ, ಹತ್ರ ಹತ್ರ ಒಂದೂವರೆ ಸಿಮೆಂಟ್ ಮೂಟೆ. ಅದನ್ನ ಹಿಡಿಯೋಕೆ ಆರು ಪ್ಲಾಸ್ಟಿಕ್ ಕಡ್ಡಿ ಕೈಲಿ ಆಗತ್ತಾ? ನಮ್ಮ ವೀಣೇಲಿ ತಂತಿನ ನಾಗಪಾಶಕ್ಕೆ ಸಿಗಿಸ್ತಾರೆ, ಎಳೆತ ಎಲ್ಲ ಕೊಡದ ತುದಿಗೆ ಹೋಗತ್ತೆ. ಕ್ಲಾಸಿಕಲ್ ಗಿಟಾರ್‌ನಲ್ಲಿ ನೈಲಾನ್ ಸ್ಟ್ರಿಂಗ್‌ನ ಬ್ರಿಡ್ಜ್‌ಗೇ ಗಂಟು ಹಾಕ್ತಾರೆ, ಪಿನ್ನೇ ಇಲ್ಲ. ನಮ್ಮ ಸ್ಟೀಲ್ ಸ್ಟ್ರಿಂಗ್ ಗಿಟಾರ್‌ನಲ್ಲಿ ಮೇಲಿನ ಹಲಗೆಗೆ ಒಳಗಡೆಯಿಂದ ಒಂದು ಗಟ್ಟಿ ಪಟ್ಟಿ ಅಂಟ್ಸಿರ್ತಾರೆ, ಸಾಮಾನ್ಯವಾಗಿ ಮೇಪಲ್ ಅಥವಾ ಬೀಟೆ, ಅದೇ ಬ್ರಿಡ್ಜ್ ಪ್ಲೇಟ್. ಸ್ಟ್ರಿಂಗ್ ತುದಿಯ ಹಿತ್ತಾಳೆ ಗುಂಡು, ಬಾಲ್ ಎಂಡ್ ಅಂತೀವಲ್ಲ, ಅದು ಆ ಪಟ್ಟಿಗೆ ಕೆಳಗಿಂದ ತಗಲಾಕ್ಕೊಂಡು ನಿಂತಿರತ್ತೆ. ಗುಂಡು ವಾಪಸ್ ತೂತಿನ ಕಡೆ ಜಾರ್ದೇ ಇರೋ ಹಾಗೆ ಅಡ್ಡ ನಿಲ್ಲೋದು ಪಿನ್ನಿನ ಕೆಲಸ, ಬಾಗ್ಲು ತೆರ್ಕೊಳ್ದೇ ಇರ್ಲಿ ಅಂತ ಹಿಂದೆ ಕುರ್ಚಿ ಇಟ್ಟ ಹಾಗೆ.

ಇಷ್ಟು ತಲೇಲಿಟ್ಕೊಂಡು ಈ ಪಿನ್ ನೋಡಿ, ಕೈಯಿಂದ ಕೈಗೆ ದಾಟ್ಸಿ. ಒಂದು ಹಳೇ ಗಿಟಾರ್‌ದು, ಪ್ಲಾಸ್ಟಿಕ್. ತುದೀಲಿ ಗುಂಡು ಕೂತು ಕೂತು ಹಲ್ಲಲ್ಲಿ ಕಚ್ಚಿದ ಹಾಗೆ ಗುಳಿ ಬಿದ್ದಿದೆ, ಮಧ್ಯದಲ್ಲಿ ಸೊಟ್ಟ ಆಗಿದೆ. ಇಂಥ ಪಿನ್ ಇದ್ದಾಗ ಗುಂಡು ಪಟ್ಟಿಗೆ ಸರ್ಯಾಗಿ ಒರಗಲ್ಲ, ತೂತಿನ ಒಳಗೇ ಮೇಲೆ ಹತ್ತೋಕೆ ನೋಡತ್ತೆ, ಹತ್ತುವಾಗ ಪಟ್ಟಿಯ ಅಂಚನ್ನ ತಿಂತಾ ಹೋಗತ್ತೆ. ಪಿನ್ ಬದಲಾಯಿಸೋಕೆ ನನ್ನ ಪ್ರಕಾರ ದೊಡ್ಡ ಕಾರಣ ಇದೇನೇ, ಸೌಂಡ್ ಅಲ್ಲ. ಪಿನ್ ಹೋದ್ರೆ ಹೊಸ ಸೆಟ್ ತಗೋಬಹುದು, ಪಟ್ಟಿ ಹೋದ್ರೆ ಸೌಂಡ್ ಹೋಲ್ ಒಳಗೆ ಕೈ ಹಾಕಿ ರಿಪೇರಿ ಮಾಡೋರನ್ನ ಹುಡುಕ್ಬೇಕು.

ಮನೇಲೇ ಚೆಕ್ ಮಾಡೋದು ಸುಲಭ. ಬಾಲ್ ಎಂಡ್ ಹತ್ರ ಸ್ಟ್ರಿಂಗ್ ಮೇಲೆ ಇನ್ನೊಂದು ಸುತ್ತು ತಂತಿ ದಪ್ಪಗೆ ಸುತ್ತಿರತ್ತಲ್ಲ, ಅದು ಪಿನ್ ತೂತಿಂದ ಮೇಲೆ ಬಂದು ಸ್ಯಾಡಲ್, ಅಂದ್ರೆ ಬ್ರಿಡ್ಜ್ ಮೇಲೆ ಸ್ಟ್ರಿಂಗ್‌ಗಳು ಒರಗೋ ತೆಳು ತುಂಡು, ಅದರ ಮೇಲೇ ಹತ್ತಿ ಕೂತಿದ್ರೆ ಒಳಗಡೆ ಪಟ್ಟಿ ಸವೆದಿರೋ ಸಾಧ್ಯತೆ ಜಾಸ್ತಿ. ಆಗ ಹೊಸ ಪಿನ್ ಒಂದರಿಂದಾನೇ ಸರಿಹೋಗಲ್ಲ, ಪಟ್ಟಿಗೆ ತೇಪೆ ಹಾಕಿಸ್ಬೇಕು.

ಈಗ ನೀವೆಲ್ಲ ಕಾಯ್ತಿರೋ ವಿಷ್ಯಕ್ಕೆ ಬರ್ತೀನಿ, ಸೌಂಡ್. ಹಿತ್ತಾಳೆ ಪಿನ್ ಹಾಕಿದ್ರೆ ಟೋನ್ ಬದಲಾಗತ್ತಾ? ತೂಕ ಅಂತೂ ಬದಲಾಗತ್ತೆ. ಹಿತ್ತಾಳೆ ಸಾಂದ್ರತೆ ನೀರಿನ ಎಂಟು ಪಟ್ಟಿಗಿಂತ ಜಾಸ್ತಿ, ಮೂಳೆದು ಸುಮಾರು ಎರಡು ಪಟ್ಟು, ಪ್ಲಾಸ್ಟಿಕ್ಕು, ಎಬೊನಿ ಅನ್ನೋ ಕರೀ ಮರ ಎರಡೂ ನೀರಿನ ಆಸುಪಾಸು. ಬ್ರಿಡ್ಜ್ ಅನ್ನೋದು ತೆಳ್ಳಗಿರೋ ಹಲಗೇನ ಕುಣಿಸೋ ಜಾಗ, ಅಲ್ಲಿ ತೂಕ ಹಾಕಿದ್ರೆ ಕುಣಿತ ಸ್ವಲ್ಪ ಬೇರೆ ಆಗೇ ಆಗತ್ತೆ, ಕೆಲವರಿಗೆ ಅದು ಇಷ್ಟ, ನನಗೆ ಹಿತ್ತಾಳೆ ಹಾಕಿದ್ರೆ ಗಂಟಲು ಕಟ್ಟಿದ ಹಾಗೆ ಕೇಳತ್ತೆ. ಮೂಳೆ ಮತ್ತೆ ಎಬೊನಿ ನಡುವೆ ವ್ಯತ್ಯಾಸ ಕಣ್ಣು ಮುಚ್ಕೊಂಡು ಹೇಳಿ ಅಂದ್ರೆ ನನ್ನ ಕೈಲಾಗಲ್ಲ, ಹೇಳ್ತೀನಿ ಅನ್ನೋರ ಜೊತೆ ಜಗಳಾನೂ ಇಲ್ಲ. ಹಿಂದೆ ದುಬಾರಿ ಗಿಟಾರ್‌ಗಳಿಗೆ ಆನೆ ದಂತದ ಪಿನ್ ಹಾಕೋರು, 1989ರಲ್ಲಿ ದಂತದ ಅಂತಾರಾಷ್ಟ್ರೀಯ ವ್ಯಾಪಾರ ನಿಲ್ಲಿಸೋ ತೀರ್ಮಾನ ಆಯ್ತು, ಒಳ್ಳೇದೇ ಆಯ್ತು. ಮರದ್ದು ಬೇಕು ಅಂದ್ರೆ ನಮ್ಮ ಬೀಟೇನೇ ಇದೆಯಲ್ಲ. ಬ್ರೆಜಿಲ್ ರೋಸ್‌ವುಡ್ ಸಿಗೋದು ಕಷ್ಟ ಆದಾಗ 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಭಾರತದ ಬೀಟೆಗೇ ಬದಲಾಯಿಸ್ಕೊಳ್ತು, ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯೋ ಅದೇ ಜಾತಿ ಮರ.

ತಗೊಳ್ಳೋವಾಗ ಬಣ್ಣ, ಮೇಲಿನ ಚುಕ್ಕಿ ನೋಡಿ ಮರುಳಾಗ್ಬೇಡಿ, ಮೊನಚು ನೋಡಿ, ಅಂದ್ರೆ ಪಿನ್ ಕೆಳಗೆ ಹೋಗ್ತಾ ಎಷ್ಟು ಸಣ್ಣ ಆಗತ್ತೆ ಅಂತ. ಸಾಮಾನ್ಯವಾಗಿ ಸಿಗೋದು 3 ಡಿಗ್ರಿ, 5 ಡಿಗ್ರಿ ಎರಡು ಥರ. ತೂತಿನ ಇಳಿಜಾರಿಗೆ ಹೊಂದ್ದೇ ಇದ್ರೆ ಮೇಲ್ಗಡೆ ಟೈಟಾಗಿರತ್ತೆ, ಕೆಳಗಡೆ ಅಲ್ಲಾಡ್ತಿರತ್ತೆ, ಹಳೇ ಕಥೇನೇ ಮತ್ತೆ. ಹಳೇ ಪಿನ್ ಒಂದು ಜೇಬಲ್ಲಿ ಹಾಕ್ಕೊಂಡು ಅಂಗಡಿಗೆ ಹೋಗಿ.

ತೆಗೆಯೋಕೆ ಕಟಿಂಗ್ ಪ್ಲೇಯರ್ ಮುಟ್ಬೇಡಿ, ತಲೆ ಮುರಿಯತ್ತೆ. ಮೊದ್ಲು ಸ್ಟ್ರಿಂಗ್ ಪೂರ್ತಿ ಲೂಸ್ ಮಾಡಿ, ಸೌಂಡ್ ಹೋಲ್ ಒಳಗೆ ಕೈ ಹಾಕಿ ಒಂದು ರೂಪಾಯಿ ನಾಣ್ಯದಲ್ಲಿ ಪಿನ್ನಿನ ತುದೀನ ಮೇಲಕ್ಕೆ ಒತ್ತಿ, ಎದ್ದು ಬರತ್ತೆ. ಹಾಕೋವಾಗ ಗುಂಡಿನ ಹತ್ರ ತಂತೀನ ಸ್ವಲ್ಪ ಬಗ್ಗಿಸ್ಕೊಳ್ಳಿ, ಪಿನ್ನಿನ ಗೀರು ಸ್ಯಾಡಲ್ ಕಡೆ ಇರ್ಲಿ, ಪಿನ್ ಸುಮ್ನೆ ಇಳಿಸಿ ಸ್ಟ್ರಿಂಗ್‌ನ ಮೇಲಕ್ಕೆ ಎಳೀರಿ. ಗುಂಡು ಪಟ್ಟಿಗೆ ಕಚ್ಕೊಂಡಿದ್ದು ಬೆರಳಿಗೇ ಗೊತ್ತಾಗತ್ತೆ, ಆಮೇಲೆ ಹೆಬ್ಬೆರಳಲ್ಲಿ ಮೆತ್ತಗೆ ಒತ್ತಿದ್ರೆ ಸಾಕು.

ಸರಿ, ಗಿಟಾರ್ ತಂದಿರೋರು ಒಬ್ಬೊಬ್ರೇ ಬನ್ನಿ, ಮೊಬೈಲ್ ಒಳಗೆ ಇಳಿಸಿ ಫೋಟೋ ತೆಗ್ದು ನೋಡೋಣ. ಆ ನೀಲಿ ಬ್ಯಾಗಿನವ್ರು ಮೊದ್ಲು, ಸ್ಟ್ರಿಂಗ್ ಲೂಸ್ ಮಾಡ್ಕೊಳ್ತಾ ಬನ್ನಿ.