ಗ್ಯಾಸಿನ ಮಾತ್ರೆ ಎಷ್ಟು ದಿನ?

ಡಾಕ್ಟರ್ ಗ್ಯಾಸಿನ ಮಾತ್ರೆ ಬರೆದುಕೊಟ್ಟಾಗ ಒಂದು ಮಾತು ಕೇಳಲೇಬೇಕು. ಇದನ್ನು ಎಷ್ಟು ದಿನ ತಗೋಬೇಕು? ನಮ್ಮ ಶಿರಸಿ, ಕುಮಟಾ, ಅಂಕೋಲಾ ಕಡೆ ಈ ಮಾತ್ರೆ ಶುರು ಮಾಡಿದವರು ಬೇಕಾದಷ್ಟು ಜನ ಸಿಗುತ್ತಾರೆ. ಯಾವಾಗ ನಿಲ್ಲಿಸಬೇಕು ಅಂತ ಗೊತ್ತಿರುವವರು ಕಡಿಮೆ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್. ಹೆಸರು ಬೇರೆ, ಕೆಲಸ ಒಂದೇ. ಒಳ್ಳೆಯ ಔಷಧಿಗಳೇ, ಅನುಮಾನ ಬೇಡ. ಹೊಟ್ಟೆಯ ಗೋಡೆಯಲ್ಲಿ ಆ್ಯಸಿಡ್ ಬಿಡುವ ಸಣ್ಣ ಪಂಪುಗಳಿವೆ. ಇವು ಆ ಪಂಪನ್ನೇ ಬಂದ್ ಮಾಡುತ್ತವೆ. ಆದರೆ ಮಾತ್ರೆ ನೇರ ಅಲ್ಲಿಗೆ ಹೋಗುವುದಿಲ್ಲ. ಮೇಲಿನ ಲೇಪ ಅದನ್ನು ಕರಗದಂತೆ ಕಾಪಾಡಿ ಕರುಳಿಗೆ ಮುಟ್ಟಿಸುತ್ತದೆ. ಅಲ್ಲಿಂದ ರಕ್ತಕ್ಕೆ ಸೇರಿ ಪಂಪಿನ ಹತ್ತಿರ ಬರುತ್ತದೆ. ಪಂಪುಗಳು ಚುರುಕಾಗುವುದು ಊಟ ಬಿದ್ದಾಗ. ಅದಕ್ಕೇ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ತೆಳ್ಳೇವು ತಿಂದು ಚಾ ಕುಡಿದ ಮೇಲೆ ನೆನಪಾಗಿ ನುಂಗಿದರೆ ಪೂರ್ತಿ ಪ್ರಯೋಜನ ಸಿಗುವುದಿಲ್ಲ. ಅಜ್ಜಿಗೆ ನುಂಗಲಾಗದು ಅಂತ ಪುಡಿ ಮಾಡಿ ಕೊಡುವುದೂ ತಪ್ಪು.

ಈಗ ಕೊನೆಕೊಯ್ಲಿನ ದಿನ ನೆನಪು ಮಾಡಿಕೊಳ್ಳಿ. ಅಡಿಕೆ ಕೊನೆ ಹೊತ್ತು ಸೊಂಟ ಹಿಡಿದಿರುತ್ತದೆ. ಮೆಡಿಕಲ್ ಶಾಪಿನಲ್ಲಿ ಕತ್ತರಿಯಿಂದ ನಾಲ್ಕು ಡೈಕ್ಲೋಫೆನಾಕ್ ನೋವಿನ ಮಾತ್ರೆ ಕತ್ತರಿಸಿ ಕೊಡುತ್ತಾರೆ. ಸೊಂಟ ಬಿಡುತ್ತದೆ, ಎದೆ ಉರಿ ಹಿಡಿಯುತ್ತದೆ. ಆಮೇಲೆ ಅದಕ್ಕೆ ಗ್ಯಾಸಿನ ಮಾತ್ರೆ. ಬೈಸಿಕೊಳ್ಳುವುದು ಮಾತ್ರ ಪಾಪ ಅಪ್ಪೆಹುಳಿ, ಮೀನು ಸಾರು. ಹುಳಿ, ಖಾರದಿಂದ ಉರಿ ಜಾಸ್ತಿ ಆಗಬಹುದು, ನಿಜ. ಆದರೆ ಅಲ್ಸರ್‌ಗೆ, ಅಂದರೆ ಹೊಟ್ಟೆಯ ಹುಣ್ಣಿಗೆ, ಮುಖ್ಯ ಕಾರಣ ಎರಡು. ಒಂದು ಇಂಥ ನೋವಿನ ಮಾತ್ರೆ. ಇನ್ನೊಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ. ಜನ ನಂಬಲಿಲ್ಲ ಅಂತ ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು, ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. ಅವರಿಗೂ ಜೊತೆಗಾರ ರಾಬಿನ್ ವಾರೆನ್‌ಗೂ 2005ರಲ್ಲಿ ನೊಬೆಲ್ ಬಂತು. ಆ ಬ್ಯಾಕ್ಟೀರಿಯಾ ಇದ್ದರೆ ಬರೀ ಗ್ಯಾಸಿನ ಮಾತ್ರೆ ಸಾಲದು. ಜೊತೆಗೆ ಆ್ಯಂಟಿಬಯೋಟಿಕ್ ಬೇಕು, ಸಾಮಾನ್ಯವಾಗಿ 14 ದಿನ. ಅದಕ್ಕೆ ಪರೀಕ್ಷೆ ಮಾಡಿಸಬೇಕು ಅಲ್ವಾ?

ತಿಂಗಳುಗಟ್ಟಲೆ ತಗೊಂಡು ಒಮ್ಮೆಲೇ ಬಿಟ್ಟರೆ ಕೆಲವು ವಾರ ಆ್ಯಸಿಡ್ ಮೊದಲಿಗಿಂತ ಜಾಸ್ತಿ ಬರಬಹುದು. ಕಾಯಿಲೆ ತಿರುಗಿ ಬಂತು ಅಂತ ಹೆದರಿ ಮತ್ತೆ ಶುರು ಮಾಡುತ್ತಾರೆ. ಎಷ್ಟೋ ಮನೆಗಳಲ್ಲಿ ಇದು ವರ್ಷಗಟ್ಟಲೆ ಎಳೆಯುವುದು ಹೀಗೇ. ತುಂಬಾ ಕಾಲ ತಗೊಂಡರೆ ಬಿ12, ಮೆಗ್ನೀಸಿಯಂ ಕಡಿಮೆಯಾಗಬಹುದು. ಡಾಕ್ಟರ ಹತ್ತಿರ ಮಾತಾಡಿ ನಿಧಾನ ಇಳಿಸಿ. ಹಾರ್ಟಿಗೆ ಸ್ಟೆಂಟ್ ಹಾಕಿ ಆಸ್ಪಿರಿನ್ ನುಂಗುವವರು, ಅಲ್ಸರ್ ಒಡೆದು ರಕ್ತ ಹೋದವರು ನನ್ನ ಮಾತು ಕೇಳಿ ಸುಮ್ನೆ ಬಿಡಬೇಡಿ. ನಿಮಗೆ ಅದು ಬೇಕೇ ಬೇಕು.

ನನಗೆ ಇನ್ನೂ ದೊಡ್ಡ ಭಯ ಬೇರೆ ಇದೆ. ಮಾತ್ರೆ ಮನೆಯಲ್ಲೇ ಇದೆಯಲ್ಲ ಅಂತ ಜನ ತಡ ಮಾಡುತ್ತಾರೆ. ಮಲ ಡಾಂಬರಿನಂತೆ ಕಪ್ಪಾದರೆ, ನುಂಗುವಾಗ ಅನ್ನ ಸಿಕ್ಕಿಕೊಂಡರೆ, ಸುಮ್ನೆ ತೂಕ ಇಳಿದರೆ ಎಂಡೋಸ್ಕೋಪಿ, ಅಂದರೆ ಬಾಯಿಂದ ಕೊಳವೆ ಇಳಿಸಿ ಹೊಟ್ಟೆ ನೋಡುವ ಪರೀಕ್ಷೆ, ಬೇಕಾಗಬಹುದು. ಎದೆ ಹಿಂಡಿ, ಬೆವರು ಕಿತ್ತುಬಂದರೆ ಅದು ಹಾರ್ಟ್ ಇರಬಹುದು. ದೊಡ್ಡ ಚಿಕಿತ್ಸೆಗೆ ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಓಡುವ ಜಿಲ್ಲೆ ನಮ್ಮದು. ದಾರಿಯಲ್ಲೇ ಗಂಟೆಗಟ್ಟಲೆ ಹೋಗುತ್ತದೆ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಕೂರಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಿ.