ರಕ್ತಭೇದಿ ಕಾಣಿಸುವ ಮುಂಚೆ

ಈ ವಿಡಿಯೊದಲ್ಲಿ ನೀವು ಈಗ ನೋಡುತ್ತಿರುವುದು ನಮ್ಮ ಕೋಳಿ ಶೆಡ್ಡಿನ ಮೂಡಣ ಮೂಲೆ. ಮರಿಗಳಿಗೆ ನೀರುಣಿಸುವ ಡ್ರಿಂಕರ್ ಸೋರಿದ್ದರಿಂದ ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟು ನೆಂದು ಗಟ್ಟಿಯಾಗಿದೆ. ಅದರ ಮೇಲೆ ಅಲ್ಲಲ್ಲಿ ಬಿದ್ದಿರುವ ಹಿಕ್ಕೆ ರಕ್ತದಿಂದ ಕೆಂಪಾಗಿದೆ. ಮೂರು ವಾರದ ಐದು ಮರಿಗಳು ಬೆಳಿಗ್ಗೆ ಇಲ್ಲಿಯೇ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿದ್ದವು. ಅವುಗಳಲ್ಲಿ ಎರಡು ಮರಿಗಳು ಮಧ್ಯಾಹ್ನದೊಳಗೆ ಸತ್ತವು.

ಪಶುವೈದ್ಯರು ಸತ್ತ ಮರಿಯೊಂದನ್ನು ಕೊಯ್ದು ತೋರಿಸಿದಾಗ, ಕರುಳಿನ ಕೊನೆಯ ಭಾಗಕ್ಕೆ ಅಂಟಿಕೊಂಡಿರುವ ಎರಡು ಕುರುಡುಗರುಳುಗಳು ಕಪ್ಪುಗೆಂಪಾಗಿ ಉಬ್ಬಿದ್ದವು. ಕತ್ತರಿ ತಾಗಿಸಿದೊಡನೆ ಹೆಪ್ಪುಗಟ್ಟಿದ ರಕ್ತ ಹೊರಬಂತು. ಇದು ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ, ಕಾರಣ ಐಮೀರಿಯಾ ಟೆನೆಲ್ಲಾ ಎಂಬ ಏಕಕೋಶ ಪರಾವಲಂಬಿ. ಹಿಕ್ಕೆಯೊಡನೆ ಹೊರಬೀಳುವ, ಮೊಟ್ಟೆಯಂತಿರುವ ಅದರ ಊಸಿಸ್ಟ್‌ಗಳು ತೇವ, ಬೆಚ್ಚಗಿನ ವಾತಾವರಣ ಮತ್ತು ಗಾಳಿ ಸಿಕ್ಕರೆ ಒಂದೆರಡು ದಿನಗಳಲ್ಲಿ ಸೋಂಕು ಹರಡಲು ಸಿದ್ಧವಾಗುತ್ತವೆ. ಸೋರುವ ಡ್ರಿಂಕರ್‌ ಕೆಳಗೆ ಈ ಮೂರಕ್ಕೂ ಕೊರತೆಯಿರಲಿಲ್ಲ.

ನನ್ನನ್ನು ಕಾಡಿದ್ದು ರಕ್ತವಲ್ಲ, ಅದಕ್ಕೆ ಮುಂಚಿನ ದಿನಗಳು. ಮರಿ ಊಸಿಸ್ಟ್ ನುಂಗಿದ ದಿನದಿಂದ ರಕ್ತ ಕಾಣಿಸುವವರೆಗೆ ನಾಲ್ಕೈದು ದಿನ ಬೇಕು. ಅಷ್ಟೂ ದಿನ ಪರಾವಲಂಬಿ ಕರುಳಿನ ಜೀವಕೋಶಗಳ ಒಳಗೇ ಇರುತ್ತದೆ. ತನ್ನೊಳಗೆ ಶತ್ರು ಹೊಕ್ಕಿದ್ದಾನೆಂದು ತಿಳಿದ ಜೀವಕೋಶ ಶತ್ರುವಿನೊಡನೆ ತಾನೂ ಸಾಯುವುದು ದೇಹದ ಹಳೆಯ ರಕ್ಷಣಾಕ್ರಮ. ಹೀಗೆ ಅಚ್ಚುಕಟ್ಟಾಗಿ ಸಾಯುವ ಕ್ರಿಯೆಗೆ 1972ರಲ್ಲಿ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಮರದಿಂದ ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಪದವದು. ಹಾಗಾದರೆ ಈ ಮರಿಯ ಕರುಳಿನ ಎಲೆಗಳೇಕೆ ಹೊತ್ತಿಗೆ ಸರಿಯಾಗಿ ಉದುರಲಿಲ್ಲ?

ಪರಾವಲಂಬಿಯ ಮೊದಲ ಪೀಳಿಗೆ ಮೂರು ದಿನಗಳೊಳಗೆ ಬಲಿತು ಕೋಶವನ್ನು ಒಡೆದು ಹೊರಬರುತ್ತದೆ. ಆಗ ಆಗುವ ಹಾನಿ ಕಣ್ಣಿಗೆ ಕಾಣುವಂಥದ್ದಲ್ಲ. ಆಟವೆಲ್ಲ ಎರಡನೆಯ ಪೀಳಿಗೆಯದು. ಅದು ಹೊಕ್ಕ ಕೋಶ ತನ್ನ ಸಾಲನ್ನು ಬಿಟ್ಟು, ಕರುಳಿನ ಒಳಪದರದಿಂದ ಕೆಳಗಿನ ಅಂಗಾಂಶಕ್ಕೆ ಜಾರಿ, ಅಲ್ಲಿ ಹಲವು ಪಟ್ಟು ದಪ್ಪವಾಗುತ್ತದೆ. ನೆಲೆ ತಪ್ಪಿದ ಇಂಥ ಕೋಶ ಸಾಮಾನ್ಯವಾಗಿ ಬದುಕುವುದಿಲ್ಲ; ಇದು ಮಾತ್ರ ಒಡಲೊಳಗೆ ನೂರಾರು ಮರಿ ಪರಾವಲಂಬಿಗಳನ್ನು ಹೊತ್ತು ಬದುಕಿರುತ್ತದೆ.

ಇದರ ಗುಟ್ಟಿನ ಒಂದು ಎಳೆಯನ್ನು ಸ್ಪೇನಿನ ಜರಗೋಜಾದ ಸಂಶೋಧಕರು 2004ರಲ್ಲಿ ಪ್ರಕಟಿಸಿದರು. ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಸಾಮಾನ್ಯ ಕೋಶದಲ್ಲಿ ಕಟ್ಟಿಹಾಕಿದಂತೆ ಕೋಶಕೇಂದ್ರದ ಹೊರಗೇ ಉಳಿದಿರುತ್ತದೆ. ಬಿಡುಗಡೆಯಾದರೆ ಕೇಂದ್ರದೊಳಕ್ಕೆ ಹೋಗಿ, ಕೋಶವನ್ನು ಬದುಕಿಸಿಡುವ ಜೀನ್‌ಗಳನ್ನು ಎಬ್ಬಿಸುತ್ತದೆ. ಎರಡನೆಯ ಪೀಳಿಗೆ ಬೆಳೆಯುತ್ತಿರುವ ಕೋಶಗಳಲ್ಲಿ ಅದು ಎಚ್ಚೆತ್ತಿತ್ತು, ಜೊತೆಗೆ ಬಿಸಿಎಲ್-ಎಕ್ಸ್‌ಎಲ್ ಎಂಬ ಪ್ರೋಟೀನೂ ಹೇರಳವಾಗಿತ್ತು. ಈ ಎರಡನೆಯ ಪ್ರೋಟೀನು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಬಾಗಿಲು ಕಾಯುವ ಆಳು: ಸೈಟೊಕ್ರೋಮ್-ಸಿ ಎಂಬ ಪ್ರೋಟೀನು ಅಲ್ಲಿಂದ ಹೊರಗೆ ಸೋರದಂತೆ ಅದು ತಡೆಯುತ್ತದೆ, ಆ ಸೋರಿಕೆಯಿಲ್ಲದೆ ಕೋಶವನ್ನು ಒಳಗಿನಿಂದ ಕತ್ತರಿಸುವ ಕ್ಯಾಸ್ಪೇಸ್ ಕಿಣ್ವಗಳಿಗೆ ಈ ದಾರಿಯಲ್ಲಿ ಕರೆ ಹೋಗುವುದಿಲ್ಲ. ಪರಾವಲಂಬಿ ಬಲಿತ ಮೇಲೆ ಈ ಕಾವಲು ತಾನಾಗಿ ಸಡಿಲಗೊಂಡು, ಕೋಶ ಸಾಯುತ್ತದೆ. ಮನೆಯನ್ನು ಉಳಿಸಿದ್ದೂ ಬಿಟ್ಟುಕೊಟ್ಟದ್ದೂ ಬಾಡಿಗೆದಾರನ ಅನುಕೂಲಕ್ಕೇ ಎಂದು ನನಗನಿಸುತ್ತದೆ. ಒಟ್ಟಿಗೆ ಒಡೆದ ಆ ಕೋಶಗಳ ಸುತ್ತಲಿನ ರಕ್ತನಾಳಗಳೂ ಹರಿದಾಗ ಹಿಕ್ಕೆ ಕೆಂಪಾಗುತ್ತದೆ.

ನೀರಿಗೆ ಈಗ ಬೆರೆಸುತ್ತಿರುವುದು ಆಂಪ್ರೋಲಿಯಂ. ಪರಾವಲಂಬಿಗೆ ಥಯಾಮಿನ್ (ಬಿ1 ಜೀವಸತ್ವ) ದಕ್ಕದಂತೆ ಮಾಡುವ ಈ ಔಷಧಿ ಮುಖ್ಯವಾಗಿ ಮೊದಲ ಪೀಳಿಗೆಯ ಮೇಲೆ ಕೆಲಸ ಮಾಡುವುದರಿಂದ, ರಕ್ತ ಕಾಣಿಸಿದ ಮರಿಗೆ ಇದು ತಡವಾಗಿ ಬಂದ ನೆಂಟ. ನಾನು ಇದನ್ನು ಹಾಕುತ್ತಿರುವುದು ಉಳಿದವುಗಳಿಗಾಗಿ.

ಕ್ಯಾಮೆರಾವನ್ನು ಪಡುವಣ ಮೂಲೆಗೆ ತಿರುಗಿಸುತ್ತೇನೆ. ಇಲ್ಲಿಯ ಮರಿಗಳು ಆಹಾರದ ತಟ್ಟೆಗೆ ಮುತ್ತಿಕೊಂಡು ಚುರುಕಾಗಿಯೇ ಕುಕ್ಕುತ್ತಿವೆ, ಹಿಕ್ಕೆಯೂ ಕಂದುಬಣ್ಣದಲ್ಲೇ ಇದೆ. ಇವುಗಳಲ್ಲಿ ಯಾವುದಕ್ಕೆ ಇಂದು ಎರಡನೆಯ ದಿನ, ಯಾವುದಕ್ಕೆ ನಾಲ್ಕನೆಯ ದಿನ ಎಂಬುದು ಹೊರಗಿನಿಂದ ಕಾಣುವಂತಿಲ್ಲ. ಒದ್ದೆ ಹೊಟ್ಟನ್ನು ಕೆರೆದು ಚೀಲಕ್ಕೆ ತುಂಬಿದ್ದೇನೆ, ಡ್ರಿಂಕರಿನ ವಾಷರ್ ಬದಲಾಯಿಸುವುದು ಬಾಕಿಯಿದೆ.