ಹೆಸರು ಬಿಡಿ, ಬೆರಳು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಕಚೇರಿಯಲ್ಲಿ ಪತ್ರ ಟೈಪ್ ಮಾಡುವವರು, ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಕೂರಿಸುವವರು, ಪ್ರಶ್ನೆಪತ್ರಿಕೆ ತಯಾರಿಸುವ ಮೇಷ್ಟ್ರುಗಳು, ಇವತ್ತಿನ ಮಾತು ನಿಮಗೆ. ವರ್ಡ್ ಆಗಲಿ, ಲಿಬ್ರೆ ಆಫೀಸ್ ಆಗಲಿ, ಮೆನು ತೆರೆಯದೆ ಕೆಲಸ ಮಾಡಿಸುವ ಶಾರ್ಟ್‌ಕಟ್ ಕೀಲಿಯನ್ನು ನಮಗೆ ಬೇಕಾದಂತೆ ನಾವೇ ಇಟ್ಟುಕೊಳ್ಳಬಹುದು. ಇಡುವಾಗ ಎಲ್ಲರೂ ಕಮಾಂಡಿನ ಮೊದಲಕ್ಷರ ಹುಡುಕುತ್ತಾರೆ. ಹೆಸರು ಬಿಡಿ, ಬೆರಳು ನೋಡಿ. ನಾನು ಹೇಳುವುದು ಇಷ್ಟೇ.

ಪೇಸ್ಟ್ ಅನ್ನೇ ತಗೊಳ್ಳಿ. ಮೊದಲಕ್ಷರ ಪಿ, ನಾವು ಒತ್ತುವುದು ವಿ! 1970ರ ದಶಕದಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ, ಜೆರಾಕ್ಸ್ ಸಂಶೋಧನಾ ಕೇಂದ್ರದ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಜಿಪ್ಸಿ ಎಂಬ, ಬರಹ ತಿದ್ದುವ ತಂತ್ರಾಂಶ ಮಾಡಿದರು. ಕಟ್, ಕಾಪಿ, ಪೇಸ್ಟ್ ಬೆಳೆದದ್ದು ಅಲ್ಲಿ. ಟೆಸ್ಲರ್ ಆಮೇಲೆ ಆಪಲ್ ಸೇರಿದರು. 1983ರ ಲೀಸಾ ಕಂಪ್ಯೂಟರಿನಲ್ಲಿ ಮಾಡಿದ್ದನ್ನು ರದ್ದು ಮಾಡಲು ಜಡ್, ಕಟ್‌ಗೆ ಎಕ್ಸ್, ಕಾಪಿಗೆ ಸಿ, ಪೇಸ್ಟ್‌ಗೆ ವಿ, ಹೀಗೆ ಕೆಳಸಾಲಿನಲ್ಲಿ ಅಕ್ಕಪಕ್ಕ ಕೂತವು. ಎಡಗೈ ಅಲ್ಲೇ ಇರುತ್ತದೆ, ಬಲಗೈ ಮೌಸ್ ಬಿಡಬೇಕಿಲ್ಲ.

ನಮ್ಮ ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ನೋಡಿ. ಒತ್ತಕ್ಷರಕ್ಕೆ ಎಫ್. ಕೆ, ಎಫ್, ಕೆ ಒತ್ತಿದರೆ ‘ಕ್ಕ’. ಕನ್ನಡದಲ್ಲಿ ಒತ್ತಿಲ್ಲದೆ ಎರಡು ವಾಕ್ಯ ಬರೆಯಲಾಗದು. ಅದಕ್ಕೆ ಸಿಕ್ಕಿರುವುದು ಎಡಗೈ ತೋರುಬೆರಳು ತಾನಾಗಿ ಕೂರುವ ಜಾಗ. ಬೆರಳು ನೋಡುವುದು ಅಂದರೆ ಇದು.

ನನಗೆ ಈ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. ಮೊದಲ ಕೆಲಸ. ನೌಕರರ ಜ್ಯೇಷ್ಠತಾ ಪಟ್ಟಿ ತಿದ್ದಲು ಕೊಟ್ಟಿದ್ದರು. ವರ್ಡ್ ಟೇಬಲ್ಲಿನಲ್ಲಿ 212 ಹೆಸರು, ನಿವೃತ್ತರಾದ ಒಂಬತ್ತು ಜನರ ಸಾಲು ತೆಗೆಯಬೇಕು. ಡಿಲೀಟ್ ಅಂದಮೇಲೆ ಡಿ ಅಲ್ಲವೇ ಅಂತ, ಸಾಲು ಅಳಿಸುವ ಕಮಾಂಡಿಗೆ ಕಂಟ್ರೋಲ್ ಡಿ ಕೊಟ್ಟೆ. ಬಹಳ ಜಾಣ! ಡಿ ಪಕ್ಕದ ಮನೆಯಲ್ಲಿ ಯಾರಿದ್ದಾರೆ? ಎಸ್. ಐದು ನಿಮಿಷಕ್ಕೊಮ್ಮೆ ಕಂಟ್ರೋಲ್ ಎಸ್ ಒತ್ತಿ ಸೇವ್ ಮಾಡುವ ಒಳ್ಳೆಯ ಅಭ್ಯಾಸ ಬೇರೆ ನನಗೆ. ಬೆರಳು ಒಂದು ಮನೆ ಜಾರಿದಾಗಲೆಲ್ಲ ಒಬ್ಬ ನೌಕರ ಮಾಯ. ಕ್ರಮಸಂಖ್ಯೆ ತಾನಾಗಿ ಬರುವಂತೆ ಇಟ್ಟಿದ್ದೆ, ಹಾಗಾಗಿ ನಡುವೆ ಎಲ್ಲೂ ಅಂಕಿ ತಪ್ಪಲಿಲ್ಲ. 203 ಇರಬೇಕಾದ ಪಟ್ಟಿ 199ಕ್ಕೆ ನಿಂತಿತು. ಅಚ್ಚುಕಟ್ಟಾಗಿ ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಅಂಟಿಸಿದೆ. ಮಧ್ಯಾಹ್ನ ಅಟೆಂಡರ್ ಒಬ್ಬರು ಕನ್ನಡಕ ಒರೆಸುತ್ತಾ ಬಂದು, “ಸಾರ್, ನನಗಿನ್ನೂ ಆರು ವರ್ಷ ಸರ್ವೀಸ್ ಇದೆ. ಯಾವಾಗ ರಿಟೈರ್ ಮಾಡಿದ್ರಿ?” ಅಂದರು. ಉಳಿದ ಮೂವರನ್ನು ಹಳೆಯ ಪಟ್ಟಿ ಪಕ್ಕದಲ್ಲಿಟ್ಟು, ಸ್ಕೇಲ್ ಹಿಡಿದು ಹುಡುಕುವಷ್ಟರಲ್ಲಿ ಸಂಜೆಯಾಗಿತ್ತು.

ಕಥೆಯಲ್ಲೇ ಹೊತ್ತು ಹೋಯಿತು. ಬೇಗ ಹೇಳುತ್ತೇನೆ. ಅಳಿಸುವ ಕೆಲಸಕ್ಕೆ ಸುಲಭದ ಕೀಲಿ ಕೊಡಬೇಡಿ, ಮೆನುವಿನಲ್ಲೇ ಇರಲಿ. ದಿನಕ್ಕೆ ಹತ್ತು ಸಲ ಯಾವ ಮೆನು ತೆರೆಯುತ್ತೀರಿ ಅಂತ ಒಂದು ಚೀಟಿಯಲ್ಲಿ ಗೀಟು ಹಾಕಿ. ಹೆಚ್ಚು ಗೀಟು ಬಿದ್ದ ಎರಡು ಮೂರಕ್ಕೆ ಮಾತ್ರ ಎಡಗೈಗೆ ಎಟುಕುವ ಕೀಲಿ ಸಾಕು. ಮೂವತ್ತು ಶಾರ್ಟ್‌ಕಟ್ ಮಾಡಿಕೊಂಡು ಅದರ ಪಟ್ಟಿಯನ್ನು ಗೋಡೆಗೆ ಅಂಟಿಸುವವರನ್ನು ಕಂಡರೆ ನನಗೆ ನಿಜಕ್ಕೂ ತಾಳ್ಮೆ ಇಲ್ಲ, ಕ್ಷಮಿಸಿ.

ಲಿಬ್ರೆ ಆಫೀಸ್‌ನಲ್ಲಿ ಟೂಲ್ಸ್, ಕಸ್ಟಮೈಸ್, ಕೀಬೋರ್ಡ್. ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್, ಅದರ ಕೆಳತುದಿಯಲ್ಲಿ ಕಸ್ಟಮೈಸ್ ಬಟನ್. ಹೊಸ ಕೀಲಿ ಒತ್ತಿದ ಕೂಡಲೇ, ಅದು ಈಗಾಗಲೇ ಯಾವ ಕೆಲಸಕ್ಕಿದೆ ಅಂತ ವರ್ಡ್ ಅಲ್ಲೇ ತೋರಿಸುತ್ತದೆ. ಕಂಟ್ರೋಲ್ ಡಿ ಫಾಂಟಿಗೆ ಸೇರಿದ್ದು ಅಂತ ಅವತ್ತು ನನಗೂ ತೋರಿಸಿತ್ತು. ನಾನು ಓದಿರಲಿಲ್ಲ. ನಮಸ್ಕಾರ.